ಹಳದಿ ದೀಪ ಆರಿಸೋ ಮೊದಲು ಗಾಳಿ ನೋಡಿ

ಕಾರಿನಲ್ಲಿ ಒಂದು ಹಳದಿ ದೀಪ ಹತ್ತಿದರೆ ಸಾಕು, ನಮ್ಮ ಬೀದೀಲಿ ಎಲ್ಲರೂ ಮೆಕ್ಯಾನಿಕ್ಕೇ. ಒಬ್ಬರು "ಬಿಸಿಲಿಗೆ ಹಾಗಾಗುತ್ತೆ ಬಿಡ್ರೀ" ಅಂತಾರೆ. ಇನ್ನೊಬ್ಬರು "ಕಂಪನಿಯವರು ಸುಮ್ನೆ ಹೆದರಿಸೋಕೆ ಇಟ್ಟಿರ್ತಾರೆ" ಅಂತಾರೆ. ನಮ್ಮ ಯಜಮಾನರಿಗೆ ಈ ಎರಡನೇ ಮಾತು ತುಂಬಾ ಹಿಡಿಸಿಬಿಟ್ಟಿತ್ತು.

ನಾನು ಬಟ್ಟೆ ಹೊಲಿಯೋಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಮ್ಮವರು ಬಾಡಿಗೆ ಕಾರು ಓಡಿಸ್ತಾರೆ. ಕಾರಿಗೆ ಎಂಟು ವರ್ಷ. ವಾರಕ್ಕೆ ಮೂರು ದಿನ ಬೆಳಿಗ್ಗೆ ಪಕ್ಕದ ಬೀದಿಯ ಟೀಚರಮ್ಮನನ್ನು ಆಸ್ಪತ್ರೆಗೆ ಕರಕೊಂಡು ಹೋಗೋದು ಅವರ ಖಾಯಂ ಬಾಡಿಗೆ. ಟೀಚರಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್ ಮಾಡಿಸಲೇಬೇಕು. ಆಸ್ಪತ್ರೆ ಇರೋದು ಹೆದ್ದಾರಿ ದಾಟಿ ನಲವತ್ತು ಕಿಲೋಮೀಟರ್ ಆಚೆ. ವಾಪಸ್ ಬರುವಾಗ ಅವರಿಗೆ ಕೈಕಾಲಲ್ಲಿ ಶಕ್ತಿ ಇರೋಲ್ಲ, ಅದಕ್ಕೆ ಆಸರೆಗೆ ಅಂತ ನಾನೂ ಹೋಗ್ತೀನಿ.

ಒಂದು ಸೋಮವಾರ ಆ ದೀಪ ಹತ್ತಿತು. ಕುದುರೆ ಲಾಳದ ಥರ ಒಂದು ಗೆರೆ, ನಡುವೆ ಆಶ್ಚರ್ಯ ಪಡೋ ಚಿಹ್ನೆ.

"ರೀ, ಅದೇನದು?" ಅಂದೆ.

"ಟೈರಿನ ಗಾಳಿ ದೀಪ. ಅದಕ್ಕೆ ಮದ್ದು ನನಗೆ ಗೊತ್ತು" ಅಂತ ಸ್ಟೇರಿಂಗ್ ಕೆಳಗಿನ ಒಂದು ಬಟನ್ ಒತ್ತಿ ಹಿಡಿದರು. ದೀಪ ಮೂರು ಸಲ ಮಿಟುಕಿಸಿ ಆರಿಹೋಯ್ತು. "ನೋಡ್ದೆಯಾ? ಟ್ಯಾಕ್ಸಿ ಸ್ಟ್ಯಾಂಡಲ್ಲಿ ಹೇಳಿಕೊಟ್ರು."

ಸೂಜಿ ದಾರ ಆಗಿದ್ರೆ ಮಾತಾಡ್ತಿದ್ದೆ, ಕಾರಿನ ವಿಷಯ ನನಗೇನು ಗೊತ್ತು?

ಬುಧವಾರ ಮತ್ತೆ ಹತ್ತಿತು. ಮತ್ತೆ ಬಟನ್ ಒತ್ತಿದರು, ಮತ್ತೆ ಆರಿತು.

ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿ ಮುಗಿದು ದೊಡ್ಡ ರಸ್ತೆಗೆ ತಿರುಗೋ ಕಡೆ, ಟೈರ್ ಅಂಗಡಿ ಮುಂದೆ, ಒಬ್ಬ ಹೆಂಗಸು ರಸ್ತೆಗೇ ಇಳಿದು ಎರಡೂ ಕೈ ಎತ್ತಿ ನಿಂತುಬಿಟ್ಟಳು. ನಮ್ಮವರು ಬ್ರೇಕ್ ಒತ್ತಿದ ರಭಸಕ್ಕೆ ಟೀಚರಮ್ಮನ ಚೀಲ ಕೆಳಗೆ ಬಿತ್ತು.

ಅವಳನ್ನ ಎಲ್ಲರೂ ಟೈರ್ ಅಕ್ಕ ಅಂತಾರೆ. ಹನ್ನೊಂದು ವರ್ಷದಿಂದ ಆ ಅಂಗಡಿ ನಡೆಸ್ತಿದ್ದಾಳೆ. ಕಿವಿ ಮೇಲೆ ಸದಾ ಒಂದು ಸೀಮೆಸುಣ್ಣ. ಲಾರಿ ಚಕ್ರವನ್ನ ಮೊಣಕಾಲಲ್ಲೇ ಉರುಳಿಸಿಕೊಂಡು ಹೋಗೋದನ್ನ ನಾನೇ ಕಣ್ಣಾರೆ ನೋಡಿದೀನಿ.

"ಅಣ್ಣ, ಗಾಡಿ ಪಕ್ಕಕ್ಕೆ ಹಾಕಿ" ಅಂದಳು.

"ಏನಮ್ಮಾ ಇದು, ಅಡ್ಡ ಬಂದು ನಿಂತ್ಕೋತೀಯ! ಪೇಷಂಟ್ ಇದಾರೆ. ಹೊತ್ತಾಗುತ್ತೆ."

"ಪೇಷಂಟ್ ಇರೋದಕ್ಕೇ ಹೇಳ್ತಿರೋದು. ಹಿಂದಿನ ಬಲಗಡೆ ಟೈರು ಹೊಟ್ಟೆ ಬಿಟ್ಟಿದೆ."

"ಟೈರು ಚೆನ್ನಾಗೇ ಇದೆ. ದೀಪ ಕೂಡ ಹತ್ತಿಲ್ಲ, ಬೇಕಾದ್ರೆ ನೋಡು."

ಅವಳು ಜೇಬಿಂದ ಗಾಳಿ ಅಳೆಯೋ ಗೇಜ್ ತೆಗೆದು ಚಕ್ರದ ಪಕ್ಕ ಕೂತಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಗೇಜನ್ನ ನಮ್ಮವರ ಕೈಗೇ ಕೊಟ್ಟಳು.

"ಓದಿ ಅಣ್ಣ."

"ಹದಿನೇಳು" ಅಂದರು ನಮ್ಮವರು. ದನಿ ಸ್ವಲ್ಪ ಇಳಿದಿತ್ತು.

"ಈಗ ನಿಮ್ಮ ಬಾಗಿಲು ತೆಗೆದು ಚೌಕಟ್ಟಲ್ಲಿರೋ ಸ್ಟಿಕ್ಕರ್ ಓದಿ."

"ಮೂವತ್ಮೂರು."

"ಬರೀ ಅರ್ಧದಷ್ಟು ಗಾಳಿ ಇದೆ. ಈ ಟೈರಲ್ಲಿ ಹೆದ್ದಾರಿ ಹತ್ತಿ ನೂರರ ವೇಗ ಹೊಡೆದಿದ್ರೆ ಪಕ್ಕದ ರಬ್ಬರು ಕಾದು ಸೀಳಿಬಿಡ್ತಿತ್ತು. ಆಮೇಲೆ ಗಾಡಿ ನಿಮ್ಮ ಮಾತು ಕೇಳ್ತಿರಲಿಲ್ಲ."

ಟೀಚರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಷ್ಟು ಹೊತ್ತು ಬೇಕಮ್ಮ?" ಅಂದರು.

"ಹತ್ತು ನಿಮಿಷ ಕೊಡಿ ಟೀಚರಮ್ಮ. ನೀವು ಇಳಿಯೋದೂ ಬೇಡ."

ಆ ಹತ್ತು ನಿಮಿಷ ನೋಡೋ ಹಾಗಿತ್ತು. ಕೈ ತಡವರಿಸಿದ್ದಿಲ್ಲ, ಒಂದು ಸಾಮಾನು ಎಲ್ಲಿದೆ ಅಂತ ಹುಡುಕಿದ್ದಿಲ್ಲ. ಟೈರಿನ ಮೇಲೆ ಅಂಗೈ ಸವರಿಕೊಂಡು ಹೋದಳು, ಒಂದು ಕಡೆ ನಿಂತಳು, ಇಕ್ಕಳದಿಂದ ಬೆರಳುದ್ದದ ಮೊಳೆ ಎಳೆದಳು. ತೂತಿಗೆ ರಬ್ಬರಿನ ಬತ್ತಿ ತುರುಕಿದಳು. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದಳು. ಗಾಳಿ ತುಂಬಿ, ಉಳಿದ ಮೂರೂ ಚಕ್ರ ಅಳೆದು, ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನೂ ಬಿಡಲಿಲ್ಲ. ಒಳ್ಳೆ ಕಸುಬುದಾರರ ಕೈ ನೋಡಿದ್ರೆ ನನಗೆ ಗೊತ್ತಾಗುತ್ತೆ. ನಾನೂ ಕೈಯಿಂದಲೇ ಬದುಕೋಳಲ್ವಾ?

"ಇದು ಸದ್ಯಕ್ಕೆ. ನಿಧಾನಕ್ಕೆ ಹೋಗಿಬನ್ನಿ. ಸಂಜೆ ಬಂದ್ರೆ ಟೈರ್ ಬಿಚ್ಚಿ ಒಳಗೆ ನೋಡ್ತೀನಿ" ಅಂದಳು.

ಆಸ್ಪತ್ರೆಗೆ ಸರಿಯಾದ ಹೊತ್ತಿಗೇ ಮುಟ್ಟಿದೆವು. ದಾರಿಯುದ್ದ ನಮ್ಮವರು ತುಟಿ ಬಿಚ್ಚಲಿಲ್ಲ. ಟೀಚರಮ್ಮನೇ ನಗ್ತಾ, "ಏನಪ್ಪಾ, ಇವತ್ತು ನಿನ್ನ ಮಾತೆಲ್ಲ ಆ ಟೈರಿಗೇ ತುಂಬಿಬಿಟ್ಟಳಾ ಅವಳು?" ಅಂದರು.

ಸಂಜೆ ಟೀಚರಮ್ಮನನ್ನ ಮನೆಗೆ ಬಿಟ್ಟು ನಾವಿಬ್ಬರೂ ಟೈರ್ ಅಂಗಡಿಗೆ ಹೋದೆವು. ಅಕ್ಕ ಟೈರ್ ಬಿಚ್ಚಿ ದೀಪ ಹಿಡಿದು ಒಳಗೆಲ್ಲ ನೋಡಿದಳು.

"ಬಚಾವು. ಒಳಗೆ ಏನೂ ಆಗಿಲ್ಲ" ಅಂತ ಒಳಗಿಂದ ಪ್ಯಾಚ್ ಹಾಕಿದಳು. ಮೂಲೆಯಲ್ಲಿದ್ದ ಇನ್ನೊಂದು ಹಳೇ ಟೈರ್ ತಂದು ಅಲ್ಲಾಡಿಸಿದಳು. ಒಳಗಿಂದ ಕಾಡಿಗೆಯಂಥ ಕಪ್ಪು ಪುಡಿ ಉದುರಿತು. "ಇದನ್ನ ಗಾಳಿ ಇಲ್ಲದೆ ಓಡಿಸಿದಾರೆ. ಅರೆದು ಹಿಟ್ಟಾಗಿದೆ."

ನಮ್ಮವರು ಆ ಪುಡಿಯನ್ನ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಮತ್ತೆ ದೀಪ ಯಾಕೆ ಹೇಳಲಿಲ್ಲ?" ಅಂದರು.

"ಹೇಳಿರುತ್ತೆ ಅಣ್ಣ. ನೀವು ಏನಾದ್ರೂ ಮಾಡಿದ್ರಾ?"

ಅವರು ನನ್ನ ಮುಖ ನೋಡಿದರು. ನಾನೇ ಹೇಳಿದೆ, "ಎರಡು ಸಲ ಬಟನ್ ಒತ್ತಿ ಆರಿಸಿದ್ರು."

ಅಕ್ಕ ಬಯ್ಯಲಿಲ್ಲ, ನಗಲೂ ಇಲ್ಲ. ಕಿವಿ ಮೇಲಿನ ಸೀಮೆಸುಣ್ಣ ತೆಗೆದು ನೆಲದ ಮೇಲೆ ನಾಲ್ಕು ಚಕ್ರ ಬರೆದಳು.

"ನೋಡಿ, ನಿಮ್ಮ ಗಾಡೀಲಿ ಒಂದೊಂದು ಚಕ್ರದೊಳಗೂ ಒಂದು ಸೆನ್ಸರ್ ಕೂತಿದೆ. ಎಷ್ಟು ಗಾಳಿ ಇದೆ ಅಂತ ಅದು ಗಾಡಿಗೆ ಹೇಳ್ತಾ ಇರುತ್ತೆ. ನೀವು ಆ ಬಟನ್ ಒತ್ತಿದಾಗ ಗಾಡಿಗೆ ಏನು ಅರ್ಥ ಆಗುತ್ತೆ ಗೊತ್ತಾ? 'ಈಗ ಇರೋ ಗಾಳಿಯೇ ಸರಿ, ಇದನ್ನೇ ಲೆಕ್ಕಕ್ಕೆ ತಗೋ' ಅಂತ. ಗಾಳಿ ಕಮ್ಮಿ ಇದ್ದಾಗ ಒತ್ತಿದ್ರೆ, ಕಮ್ಮಿ ಗಾಳಿಯೇ ಸರಿ ಅಂತ ಅದಕ್ಕೆ ಪಾಠ ಹೇಳಿಕೊಟ್ಟ ಹಾಗೆ. ಅದು ಪಾಪ, ನಿಮ್ಮನ್ನ ನಂಬಿ ಸುಮ್ಮನಾಯ್ತು."

ನಮ್ಮವರು ಹಣೆ ಹಣೆ ಚಚ್ಚಿಕೊಂಡರು. "ಹಾಗಾದ್ರೆ ಆ ಬಟನ್ ಇರೋದಾದ್ರೂ ಯಾಕೆ?"

"ಗಾಳಿ ತುಂಬಿದ ಮೇಲೆ ಒತ್ತೋಕೆ. ಗಾಡಿ ರಾತ್ರಿಯೆಲ್ಲ ನಿಂತು ಟೈರ್ ತಣ್ಣಗಿರುವಾಗ ಅಳೀಬೇಕು. ಸ್ಟಿಕ್ಕರಲ್ಲಿ ಇರೋಷ್ಟು ತುಂಬಬೇಕು. ಆಮೇಲೆ ಬಟನ್ ಒತ್ತಿ, ಸ್ವಲ್ಪ ದೂರ ಓಡಿಸಬೇಕು. ಕೆಲವು ಗಾಡೀಲಿ ಬಟನ್ನೇ ಇರೋಲ್ಲ, ಪರದೆ ಮೇಲೆ ಇರುತ್ತೆ. ಇನ್ನು ಕೆಲವು ಓಡ್ತಾ ಓಡ್ತಾ ತಾವೇ ಸರಿ ಮಾಡ್ಕೋತಾವೆ. ಗಾಡಿ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಬರೆದಿರುತ್ತೆ."

"ಆ ಪುಸ್ತಕ ಮಂಚದ ಕೆಳಗಿದೆ" ಅಂದೆ ನಾನು. "ಪ್ಲಾಸ್ಟಿಕ್ ಕೂಡ ಹರಿದಿಲ್ಲ."

ಮಾರನೇ ದಿನ ಬೆಳಿಗ್ಗೆ ಅಕ್ಕ ಹೇಳಿದ ಹಾಗೇ ಮಾಡಿದರು. ತಣ್ಣಗಿದ್ದಾಗ ಅಳೆದರು, ತುಂಬಿಸಿದರು, ಬಟನ್ ಒತ್ತಿದರು. ಹಾಯಾಗಿ ನಾಲ್ಕು ದಿನ ಕಳೀತು. ಐದನೇ ದಿನ ಗಾಡಿ ಶುರು ಮಾಡ್ತಿದ್ದ ಹಾಗೇ ಆ ದೀಪ ಪಿಳಿಪಿಳಿ ಅಂತ ಮಿಟುಕಿಸೋಕೆ ಶುರುಮಾಡ್ತು. ಒಂದು ನಿಮಿಷ ಮಿಟುಕಿಸಿ, ಆಮೇಲೆ ಹಾಗೇ ನಿಂತಿತು.

ಗೇಜ್ ಹಿಡಿದು ನಾಲ್ಕೂ ಚಕ್ರ ಅಳೆದರು. ಎಲ್ಲ ಮೂವತ್ಮೂರು! ನಮ್ಮವರಿಗೆ ಎಲ್ಲಿಲ್ಲದ ಹುರುಪು ಬಂತು. "ನಾನು ಹೇಳಿರಲಿಲ್ವಾ? ಇದು ಸುಳ್ಳು ದೀಪ!" ಅಂತ ಸೀದಾ ಅಕ್ಕನ ಮುಂದೆ ಗಾಡಿ ನಿಲ್ಲಿಸಿದರು.

"ಸುಮ್ನೆ ಹತ್ತಿ ನಿಂತಿತ್ತೋ, ಮೊದಲು ಮಿಟುಕಿಸಿತೋ?" ಅಂತ ಕೇಳಿದಳು ಅಕ್ಕ.

"ಮಿಟುಕಿಸ್ತು."

"ಅದು ಬೇರೆ ಮಾತು ಅಣ್ಣ. ಸುಮ್ನೆ ಹತ್ತಿದ್ರೆ ಗಾಳಿ ಕಮ್ಮಿ ಅಂತ. ಮಿಟುಕಿಸಿ ಆಮೇಲೆ ನಿಂತ್ರೆ, 'ನನಗೇ ಹುಷಾರಿಲ್ಲ' ಅಂತ."

ಮೊಬೈಲಿನಷ್ಟು ಒಂದು ಯಂತ್ರ ತಂದು ಒಂದೊಂದೇ ಚಕ್ರದ ಹತ್ತಿರ ಹಿಡಿದಳು. ಮೂರು ಕಡೆ ಯಂತ್ರದಲ್ಲಿ ಅಂಕಿ ಬಂತು. ಮುಂದಿನ ಎಡಗಡೆ ಚಕ್ರದ ಹತ್ತಿರ ಏನೂ ಇಲ್ಲ. ಎರಡು ಸಲ, ಮೂರು ಸಲ ಹಿಡಿದಳು. ಮೌನ.

"ಈ ಸೆನ್ಸರಿನ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತೆ. ನಿಮ್ಮದಕ್ಕೆ ಎಂಟಾಯ್ತು, ಚೆನ್ನಾಗೇ ದುಡಿದಿದೆ."

"ಬ್ಯಾಟರಿ ತಾನೇ? ಹೊಸದು ಹಾಕಿಬಿಡು."

"ಗಡಿಯಾರದ ಥರ ಬಿಚ್ಚಿ ಹಾಕೋಕೆ ಬರೋಲ್ಲ. ಒಳಗೆ ಸೀಲ್ ಮಾಡಿಬಿಟ್ಟಿರ್ತಾರೆ. ಸೆನ್ಸರೇ ಬದಲಾಯಿಸಬೇಕು, ಅದನ್ನ ನಿಮ್ಮ ಗಾಡಿಗೆ ಪರಿಚಯನೂ ಮಾಡಿಸಬೇಕು."

ನಮ್ಮವರ ಕಣ್ಣು ಸಣ್ಣಗಾಯ್ತು. ನನಗೆ ಆ ನೋಟ ಗೊತ್ತು. "ಹಾಗಾದ್ರೆ ನಾಲ್ಕೂ ಬದಲಾಯಿಸು ಅಂತೀಯ, ಅಲ್ವಾ? ವ್ಯಾಪಾರ ಚೆನ್ನಾಗಿದೆ."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಕ್ಕನ ಮುಖದಲ್ಲಿ ಮಾತ್ರ ಸಿಟ್ಟಿರಲಿಲ್ಲ.

"ನಾನು ಒಂದೇ ಅಂದಿದ್ದು. ಉಳಿದ ಮೂರು ಇನ್ನೂ ಮಾತಾಡ್ತಿವೆ. ಅವಕ್ಕೂ ವಯಸ್ಸಾಗಿದೆ ನಿಜ, ಆದ್ರೆ ಮುಂದೆ ಟೈರ್ ಬದಲಾಯಿಸೋವಾಗ ಹೇಗೂ ಬಿಚ್ತೀವಲ್ಲ, ಆಗ ನೋಡಿದ್ರಾಯ್ತು. ನನ್ನ ಮೇಲೆ ಅನುಮಾನ ಇದ್ರೆ ಬೇರೆ ಕಡೆ ತೋರಿಸಿ. ಈ ಯಂತ್ರ ಇಟ್ಟಿರೋರು ಯಾರಾದ್ರೂ ಆಗಬಹುದು. ಅಲ್ಲೀವರೆಗೆ ದಿನಾ ಬೆಳಿಗ್ಗೆ ಆ ಚಕ್ರನ ನೀವೇ ಅಳೀರಿ. ಅದು ಮಾತಾಡದೇ ಇರೋವಾಗ ನಿಮ್ಮ ಕಣ್ಣೇ ಅದರ ಬಾಯಿ."

ನಮ್ಮವರು ಹೋದರು. ಊರಾಚೆ ಇರೋ ದೊಡ್ಡ ಸರ್ವೀಸ್ ಸೆಂಟರಿಗೇ ಹೋದರು. ಅಲ್ಲಿನವರೂ ಯಂತ್ರ ಹಿಡಿದು ನೋಡಿ, "ಮುಂದಿನ ಎಡಗಡೆದು, ಒಂದೇ" ಅಂದರಂತೆ. ಅರ್ಧ ಗಂಟೆಯಲ್ಲಿ ಗಾಡಿ ತಿರುಗಿಸಿಕೊಂಡು ಟೈರ್ ಅಕ್ಕನ ಅಂಗಡಿಗೇ ವಾಪಸ್ ಬಂದರು.

"ಅಲ್ಲೇ ಹಾಕಿಸಬಹುದಿತ್ತಲ್ಲ ಅಣ್ಣ?"

"ನಾನು ಕೆಟ್ಟ ಮಾತು ಆಡಿದ್ದು ಇಲ್ಲಿ. ಕೆಲಸನೂ ಇಲ್ಲೇ ಆಗಲಿ" ಅಂದರು. "ತಪ್ಪಾಯ್ತು ತಾಯಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ 'ತಪ್ಪಾಯ್ತು' ಅನ್ನೋ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದೂ ನನಗಲ್ಲ!

ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನನ್ನ ಟ್ಯಾಕ್ಸಿ ಸ್ಟ್ಯಾಂಡಿಗೆ ಕರೆಸಿದರು. ಹದಿಮೂರು ಗಾಡಿ ಸಾಲಾಗಿ ನಿಂತಿದ್ದವು. ಅಕ್ಕ ಒಂದೊಂದೇ ಚಕ್ರದ ಹತ್ತಿರ ಕೂತು ಅಳೆದು, ಕಮ್ಮಿ ಇರೋದಕ್ಕೆಲ್ಲ ಸುಣ್ಣದ ಗೆರೆ ಹಾಕಿದಳು. ಹದಿಮೂರರಲ್ಲಿ ಒಂಬತ್ತು ಗಾಡಿಗೆ ಗೆರೆ ಬಿತ್ತು. ಅದರಲ್ಲೊಂದು ಶಾಲೆ ಮಕ್ಕಳನ್ನ ಕರಕೊಂಡು ಹೋಗೋ ವ್ಯಾನು. ಅದರ ಡ್ರೈವರ್ ಅಕ್ಕನ ಕೈ ಹಿಡ್ಕೊಂಡು, ಮೊದಲು ತನ್ನ ಗಾಡಿಗೇ ಗಾಳಿ ತುಂಬಿಸಿಕೊಂಡ.

ಟೀಚರಮ್ಮನೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಮೂವತ್ತೊಂದು ವರ್ಷ ಮಕ್ಕಳಿಗೆ ಗಾಳಿಯ ಒತ್ತಡದ ಪಾಠ ಮಾಡಿದೆ ಕಣಮ್ಮಾ" ಅಂದರು ನನಗೆ. "ನಾನು ಹೇಳಿದ್ದು ಪರೀಕ್ಷೆವರೆಗೆ. ಇವಳು ಹೇಳ್ತಿರೋದು ಮನೆ ಮುಟ್ಟೋವರೆಗೆ."

ಕಾರು, ವ್ಯಾನು ಇಟ್ಟಿರೋ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡೀಲೂ ಆ ದೀಪ ಹತ್ತಿದರೆ ಅದರ ಬಾಯಿ ಮುಚ್ಚಿಸೋ ಮೊದಲು ಕೆಳಗಿಳಿದು ಗಾಳಿ ಅಳೀರಿ. ಬಾಗಿಲಿನ ಸ್ಟಿಕ್ಕರ್ ನೋಡಿ ಅಷ್ಟು ತುಂಬಿಸಿ, ಆಮೇಲೆ ಬಟನ್ ಮುಟ್ಟಿ. ಮಿಟುಕಿಸಿದರೆ ಸೆನ್ಸರ್ ತೋರಿಸಿ. ಗಾಡಿಗೆ ಐದಾರು ವರ್ಷ ಆಗಿದ್ದರೆ, ಟೈರ್ ಬದಲಾಯಿಸೋವಾಗ ಸೆನ್ಸರಿನ ಬ್ಯಾಟರಿ ಹೇಗಿದೆ ಅಂತ ಬಾಯಿಬಿಟ್ಟು ಕೇಳಿ. ದೀಪ ಹತ್ತದಿದ್ದರೂ ತಿಂಗಳಿಗೊಂದು ಸಲ ನಾಲ್ಕೂ ಚಕ್ರ ಅಳೀರಿ, ಸ್ಟೆಪ್ನಿ ಮರೀಬೇಡಿ. ಗೊತ್ತಾಗದಿದ್ದರೆ ನಿಮ್ಮ ಬೀದಿಯ ಟೈರ್ ಅಂಗಡಿಗೆ ಹೋಗಿ, ನಾಚಿಕೆ ಪಡದೆ ಕೇಳಿ. ಹಿಂದಿನ ಸೀಟಲ್ಲಿ ಕೂತೋರು ನಿಮ್ಮನ್ನ ನಂಬಿ ಕಣ್ಣು ಮುಚ್ಚಿ ಒರಗಿರ್ತಾರೆ. ಇವತ್ತೇ ಒಂದು ಸಲ ಕೆಳಗಿಳಿದು ನೋಡಿ.