ಮೂರು ಹಾಸಿಗೆಯ ಬಂಡೆ

ಸಿನಿಮಾದಲ್ಲಿ ಹೀರೊ ಬಂಡೆ ಎತ್ತಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ನಾನು ಮಾತ್ರ ಅದರೊಳಗೆ ಏನು ತುಂಬಿದ್ದಾರೆ ಎಂದು ನೋಡುತ್ತೇನೆ. ಒಬ್ಬ ಹಗ್ಗ ಹಿಡಿದು ಜೀಪು ನಿಲ್ಲಿಸುತ್ತಾನೆ, ಇನ್ನೊಬ್ಬ ಗಾಡಿಯನ್ನೇ ಭುಜದ ಮೇಲಿಟ್ಟುಕೊಂಡು ಹೊಳೆ ದಾಟುತ್ತಾನೆ. ಎಲ್ಲ ಬರೀ ಬುರುಡೆ. ಬೆವರು ಕೂಡ ಮೇಕಪ್‌ನವನು ಚಿಮುಕಿಸಿದ್ದು. ನಿಜವಾಗಿ ಭಾರ ಎತ್ತಿದ ಒಬ್ಬನನ್ನು ನಾನು ಬಲ್ಲೆ, ಅವನ ಹೆಸರು ಮಾತ್ರ ತೆರೆಯ ಮೇಲೆ ಬರಲಿಲ್ಲ.

ಅಬ್ದುಲ್ ರಹೀಂ ನನ್ನ ಶಾಲೆಯ ಗೆಳೆಯ. ಚಾಮರಾಜನಗರದಲ್ಲಿ ಅವನದು ಹಾಸಿಗೆ ಹೊಲಿಯುವ ಅಂಗಡಿ. ಇಪ್ಪತ್ತಾರು ವರ್ಷದ ಹಿಂದೆ ಗುಂಡ್ಲುಪೇಟೆ ಹತ್ತಿರದ ಗುಡ್ಡದಲ್ಲಿ ಒಂದು ಶೂಟಿಂಗ್ ನಡೆಯಿತು. ಅವರು ತಂದಿದ್ದ ಥರ್ಮಾಕೋಲ್ ಬಂಡೆ ಲಾರಿಯಲ್ಲೇ ಮುರಿದುಹೋಗಿತ್ತು. ಮ್ಯಾನೇಜರ್ ರಹೀಮನನ್ನು ಹುಡುಕಿಕೊಂಡು ಬಂದು, ದಪ್ಪ ಬಟ್ಟೆಯಲ್ಲಿ ಬಂಡೆಯೊಂದನ್ನು ಹೊಲಿದುಕೊಡು, ಬಣ್ಣ ನಾವು ಬಳಿಯುತ್ತೇವೆ ಎಂದ. ಹಗುರವಾಗಿರಲಿ ಎನ್ನುವುದನ್ನು ಹೇಳಲು ಮರೆತ. ಹೇಳಿದ್ದರೂ ರಹೀಂ ಕೇಳುತ್ತಿದ್ದನೋ ಇಲ್ಲವೋ. ಒತ್ತಿದರೆ ಕುಗ್ಗುವಂಥದ್ದನ್ನು ಹೊಲಿಯುವುದು ಅವನಿಗೆ ಕಸುಬಿನ ಮಾನ ಕಳೆದಂತೆ. ಮೂರು ಮದುವೆ ಹಾಸಿಗೆಗೆ ಆಗುವಷ್ಟು ಹತ್ತಿಯನ್ನು ಕೋಲಿನಿಂದ ಜಡಿದು ಜಡಿದು ತುಂಬಿದ.

ನಾನು ರಜೆ ಹಾಕಿ ಶೂಟಿಂಗ್ ನೋಡಲು ಹೋಗಿದ್ದೆ. ಹೀರೊ ಬಗ್ಗಿ ಬಂಡೆಯನ್ನು ತಬ್ಬಿದ. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಮತ್ತೆ ತಬ್ಬಿದ. ಆ ಒಂದು ಸಲ ಅವನು ನಟಿಸುತ್ತಿರಲಿಲ್ಲ. ನಿರ್ದೇಶಕರು ಕೆಂಡಾಮಂಡಲವಾದರು.

"ಯಾರ್ರೀ ಇದಕ್ಕೆ ಕಲ್ಲು ತುಂಬಿದ್ದು?"

"ಕಲ್ಲಲ್ಲ ಸಾರ್, ಹತ್ತಿ. ಒಂದ್ ಹಿಡಿ ಕಮ್ಮಿ ಮಾಡಿಲ್ಲ," ಎಂದ ರಹೀಂ, ಬಹುಮಾನ ಕೊಡುತ್ತಾರೇನೋ ಎಂಬ ಹಾಗೆ.

ಹೊಲಿಗೆ ಬಿಚ್ಚಿ ಮತ್ತೆ ಹಾಕುವಷ್ಟು ಹೊತ್ತಿರಲಿಲ್ಲ. ಎತ್ತಬಹುದು ಎಂದು ತೋರಿಸಲು ಅವನೇ ಎತ್ತಿದ, ತಲೆಯ ಮೇಲಕ್ಕೆ. ನಿರ್ದೇಶಕರು ಬಿಡುತ್ತಾರೆಯೇ? ಅವನಿಗೇ ಹೀರೊನ ಅಂಗಿ ತೊಡಿಸಿ, ಕ್ಯಾಮೆರಾಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದರು. ರಹೀಮನಿಗೆ ಫೋಟೊ ಅಂದರೆ ಆಗದು, ಮದುವೆಯಲ್ಲೂ ತೆಗೆಸಿಕೊಂಡವನಲ್ಲ. "ಮುಖ ಬರಾಕಿಲ್ಲ ತಾನೆ?" ಎಂದು ಎರಡೆರಡು ಸಲ ಕೇಳಿಕೊಂಡು ನಿಂತ. ಒಮ್ಮೆ ಮೋಡ ಬಂತು, ಒಮ್ಮೆ ಯಾರೋ ಅಡ್ಡ ಬಂದರು. ಹೀಗೆ ಹದಿನಾಲ್ಕು ಸಲ ಎತ್ತಿಸಿದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಟೀ ಲೋಟ ಹಿಡಿಯಲಾಗಲಿಲ್ಲ. ನಾನೇ ಕುಡಿಸಿದೆ. ಅವನ ಹೆಂಡತಿ ಮೆಹರ್ ಬಾನು ಉಮ್ಮತ್ತೂರಿನ ತವರಿನಲ್ಲಿ ಎರಡು ದಿನದ ಬಾಣಂತಿ. ಮಗು ನೋಡಲು ಹೊರಟಿದ್ದ.

"ಮೂರಾಸಿಗೆ ಹತ್ತಿ ತುಂಬುದ್ದು ಮೆಹರ್‌ಗೆ ಏಳ್ಬುಟ್ಟೀಯ ಕಣ್ಲಾ," ಎಂದ. "ಬೂರುಗದ ಹತ್ತಿ, ಹೂವಿನಂಗಿತ್ತು ಅನ್ನು. ಗೊತ್ತಾದ್ರೆ ಸಾಯಗಂಟ ಆಡ್ಕಂಡು ನಗ್ತಾಳೆ."

ಹತ್ತಿಯ ಲೆಕ್ಕದಲ್ಲಿ ಆಕೆ ಗಂಡನಿಗಿಂತ ಜಾಣೆ. ನಾನು ಆಣೆ ಮಾಡಿದೆ.

ಸಿನಿಮಾ ನಮ್ಮೂರಲ್ಲಿ ನಾಲ್ಕೇ ದಿನ ಓಡಿತು. ಮೆಹರ್ ಬಾನು ಐದು ತಿಂಗಳ ಬಾಣಂತನ ಮುಗಿಸಿ ತವರಿಂದ ಬರುವಷ್ಟರಲ್ಲಿ ಪೋಸ್ಟರ್ ಕೂಡ ಇರಲಿಲ್ಲ. ಮೂರು ವರ್ಷದ ಹಿಂದೆ ರಹೀಂ ಹೋಗಿಬಿಟ್ಟ. ಅಂದಿನಿಂದ ಆಕೆಯದು ಒಂದೇ ಮಾತು: "ಸುಧಾಕರಣ್ಣ, ಆ ಸಿನ್ಮಾ ಸಿಕ್ತಾ?" ಮನೆಯಲ್ಲಿದ್ದದ್ದು ವೋಟರ್ ಕಾರ್ಡಿನ ಫೋಟೊ ಒಂದೇ. "ಅದು ಅವ್ರಲ್ಲ, ಯಾವನೋ ಕಳ್ಳ ಇದ್ದಂಗವ್ನೆ. ಬೆನ್ನಾದ್ರೂ ನೋಡ್ತೀನಿ ಬುಡಿ," ಎನ್ನುತ್ತಿದ್ದರು.

ಒಂದು ದಿನ ಅಂಗಡಿಯಲ್ಲಿ ಸೂಜಿ ಬದಿಗಿಟ್ಟು, ಯಾರಿಗೂ ಹೇಳದ್ದನ್ನು ನನಗೆ ಹೇಳಿದರು.

"ಅನೀಸಾ ಹುಟ್ದಾಗ ನೋಡಾಕ್ ಬಂದ್ರಲ್ಲ, ಕೂಸ ಎತ್ಕಳ್ನೇ ಇಲ್ಲ ಅಣ್ಣ. ನಾನು ನೀಡುದ್ರೆ ಕೈ ಹಿಂದಕ್ ಕಟ್ಕಂಡ್ ನಿಂತ್ರು. ಹೆಣ್ಣು ಅಂತ ಬ್ಯಾಸರ ಆಯ್ತೇನೋ. ಆಮ್ಯಾಕೆ ಅವಳ್ನ ತಲೆ ಮ್ಯಾಲ್ ಹೊತ್ಕಂಡ್ ತಿರುಗುದ್ರು, ಇಲ್ಲ ಅನ್ನಾಕಿಲ್ಲ. ಆದ್ರೂ ಅವತ್ತಿಂದು ಎದೇಲೇ ಕುಂತದೆ."

ಆಣೆ ಮನೆ ಹಾಳಾಗಲಿ ಎಂದು ಎಲ್ಲ ಹೇಳಿಬಿಟ್ಟೆ. ಆಕೆ ಇಲ್ಲವೆಂಬಂತೆ ತಲೆಯಾಡಿಸಿದರು.

"ಬೂರುಗದ್ದು ಅಂತ ಅವ್ರೇ ಏಳವ್ರೆ. ಹೂವಿನಂಗಿತ್ತಂತೆ. ಅದುನ್ನ ಎತ್ತಿ ಕೈ ಸೋತದಾ? ನೀವು ದೋಸ್ತನ್ನ ಬುಟ್ಕೊಡಾಕಿಲ್ಲ."

ಸತ್ಯ ಹೇಳಿಯೂ ನಾನು ಸುಳ್ಳನಾದೆ. ರಹೀಮನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬದುಕಿದ್ದಿದ್ದರೆ ಎರಡು ಬಿಗಿಯುತ್ತಿದ್ದೆ. ಬದುಕಿರಬಾರದಿತ್ತೇ ಎಂದು ಆಮೇಲೆ ಅಳುವೂ ಬಂತು. ಅಂದಿನಿಂದ ಆ ಸಿನಿಮಾ ಹುಡುಕುವುದೇ ನನ್ನ ಕೆಲಸವಾಯಿತು.

ಹೋದ ತಿಂಗಳು ಸಿಕ್ಕಿತು. ಯಾರೋ ತಮಿಳಿಗೆ ಡಬ್ ಮಾಡಿದ್ದನ್ನು ಯೂಟ್ಯೂಬಿಗೆ ಹಾಕಿದ್ದರು. ನಾನೀಗ ಇರುವ ಗುಂಡ್ಲುಪೇಟೆಯಿಂದ ಮಧ್ಯಾಹ್ನದ ಬಸ್ಸಿಗೇ ಚಾಮರಾಜನಗರಕ್ಕೆ ಹೊರಟೆ. ಮೆಹರ್ ಬಾನು ಕೈಗೆ ಮೆತ್ತಿದ್ದ ಹತ್ತಿಯನ್ನು ಕೊಡವಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದರು.

ಹನ್ನೊಂದು ಸೆಕೆಂಡು. ಅಗಲವಾದ ಬೆನ್ನು, ಬಗ್ಗಿದ ಕತ್ತು, ಮೇಲೇಳುವ ಬಂಡೆ.

"ಅವ್ರೇ," ಎಂದರು. ಮತ್ತೆ ಹಾಕಿಸಿದರು. ಮೂರನೆಯ ಸಲ, ಕಣ್ತುಂಬ ನೋಡಲಿ ಎಂದು, ಬಂಡೆ ಅವನ ತಲೆಯ ಮೇಲಿದ್ದಾಗ ನಿಲ್ಲಿಸಿದೆ. ಅವರು ಫೋನನ್ನು ಹತ್ತಿರ ತಂದುಕೊಂಡರು. ನೋಡುತ್ತಿದ್ದದ್ದು ಗಂಡನನ್ನಲ್ಲ, ಬಂಡೆಯನ್ನು.

"ಕೈ ಊರಿರೋ ಕಡೆ ಬಟ್ಟೆ ಒಂಚೂರೂ ಕುಗ್ಗಿಲ್ಲ," ಎಂದರು. "ಬೂರುಗ ಆಗಿದ್ರೆ ಅಮುಕೋಗಿರೋದು. ಇದು ಜಡ್ದು ತುಂಬಿರೋ ಹತ್ತಿ. ಮೂರಾಸಿಗೇದು." ಫೋನಿನಿಂದ ಕಣ್ಣು ತೆಗೆಯದೆ ಕೇಳಿದರು: "ಎಷ್ಟ್ ಸಲ ಅಂದ್ರಿ?"

"ಹದಿನಾಲ್ಕು."

"ಓಡ್ಸಣ್ಣ. ಇಳಿಸ್ಲಿ. ಎಷ್ಟೊತ್ತು ಹೊತ್ಕಂಡಿರ್ತಾರೆ."

ಒತ್ತಿದೆ. ಬಂಡೆ ಕೆಳಗೆ ಬರುವ ಮೊದಲೇ ಹೀರೊನ ಮುಖ ಬಂತು.

"ಇಳಿಸೋದು ತೋರ್ಸಾಕಿಲ್ವ?"

"ಇಲ್ಲ ಕಣಮ್ಮ."

ಮೆಹರ್ ಬಾನು ನಕ್ಕರು. ರಹೀಂ ಹೆದರಿದ್ದ ಹಾಗೆಯೇ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣು ಸುರಿಯತೊಡಗಿತು.

"ಪೆದ್ದು ಮನುಷ್ಯ! ನಗ್ತೀನಿ ಅಂತ ಏಳ್ನಿಲ್ವ? ನಗ್ತಿದ್ದೆ ಕಣಣ್ಣ. ನಗ್ಕಂಡು, ಕುಂತ್ಕಳಿ ಅಂದು, ಕೂಸ ಅವ್ರ ತೊಡೆ ಮ್ಯಾಲೆ ಮಡುಗ್ತಿದ್ದೆ."