ಹೆಸರಿನ ಮೇಲೆ ಕಪ್ಪು ಪಟ್ಟಿ

ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನ ಸಭಾಂಗಣದ ಬಿಳಿ ಪರದೆಯ ಮೇಲೆ ಅವಳ ಮನೆಯ ಸಂಗತಿ ಬಂತು. ಆ ಹೊತ್ತಿಗೆ ಅವಳು ಮುಂದಿನ ಸಾಲಿನ ಕುರ್ಚಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಲೆಕ್ಕಾಧಿಕಾರಿಯ ಕಾಲಬುಡದಲ್ಲಿ ಚೆಲ್ಲಿದ್ದ ಚಹಾ ಒರೆಸುತ್ತಿದ್ದಳು.

“ಆ ಹಾಳು ಬಟ್ಟೇನ ಬೂಟಿಗೆ ತಾಗಿಸ್ಬೇಡ ಕಣೇ,” ಎಂದ ಅವನು. ಕಾಲನ್ನು ಮಾತ್ರ ಎತ್ತಲಿಲ್ಲ.

ಅಂದು ಸಿಬ್ಬಂದಿಗೆಲ್ಲ ತರಬೇತಿ. ವಿದ್ಯಾರ್ಥಿಗಳ ದಾಖಲೆ ಹೊರಗೆ ಹೋಗದಂತೆ ಕಾಪಾಡುವುದು ಹೇಗೆ ಎಂಬುದು ವಿಷಯ. ಕಸ ಗುಡಿಸುವವರೂ ಹಾಜರಿರಬೇಕೆಂದು ಆದೇಶವಿತ್ತು. ಅವರಿಗೆ ಕುರ್ಚಿ ಇರಲಿಲ್ಲ. ಇರುವ ಮೂವರಲ್ಲಿ ಇಬ್ಬರು ಗಂಡಸರು ಬಾಗಿಲ ಬಳಿ ಗೋಡೆಗೆ ಒರಗಿದ್ದರು. ಹೆಂಗಸು ಅಂದರೆ ಇವಳೊಬ್ಬಳೇ, ಹಾಗಾಗಿ ಚಹಾ ಹಂಚುವುದೂ ಲೋಟ ಎತ್ತುವುದೂ ಇವಳ ಪಾಲಿಗೆ ಬಂದಿತ್ತು.

ಹೇಳಿಕೊಡುತ್ತಿದ್ದವರು ಅಕ್ಕ ಮೇಡಂ. ಮಕ್ಕಳ ಕಷ್ಟಸುಖ ಕೇಳಿ ಸಮಾಧಾನ ಹೇಳುವುದು ಅವರ ನೌಕರಿ. ನನ್ನನ್ನು ಅಕ್ಕ ಅಂತಲೇ ಕರೀರಿ ಎಂದು ಎಲ್ಲರಿಗೂ ಹೇಳಿ ಹೇಳಿ ಆ ಹೆಸರೇ ನಿಂತಿತ್ತು.

“ನೋಡಿ, ಇದು ನಿಜವಾದ ದಾಖಲೆ,” ಎಂದರು ಅಕ್ಕ ಮೇಡಂ. “ಯಾರದು ಅಂತ ಗೊತ್ತಾಗುತ್ತಾ? ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದೀನಿ. ಗುಟ್ಟು ಕಾಪಾಡೋದು ಅಂದ್ರೆ ಇದು.”

ಅವಳು ತಲೆ ಎತ್ತಿ ಅಕ್ಷರ ಕೂಡಿಸಿ ಓದಿದಳು. ವಿದ್ಯಾರ್ಥಿನಿ, ಎರಡನೇ ವರ್ಷ, ವಿಜ್ಞಾನ. ತಂದೆ ಜೈಲಿನಲ್ಲಿ, ಕೂಲಿಯ ಜಗಳದಲ್ಲಿ ಗುತ್ತಿಗೆದಾರನ ತಲೆ ಒಡೆದದ್ದಕ್ಕೆ ಶಿಕ್ಷೆ. ತಾಯಿ ಇದೇ ಕಾಲೇಜಿನಲ್ಲಿ ಕಸ ಗುಡಿಸುವವಳು. ವಿಷಯ ಬಯಲಾಗಿ ಹಿಂದಿನ ಶಾಲೆ ಬಿಟ್ಟಿದ್ದಾಳೆ. ಗಣಿತ ಪರೀಕ್ಷೆಗೆ ಗೈರು. ನಿದ್ದೆಯಲ್ಲಿ ಬೆಚ್ಚುತ್ತಾಳೆ, ಈಗಲೂ ಹಾಸಿಗೆ ಒದ್ದೆಯಾಗುತ್ತದೆ.

ಗಾಳಿಗೆ ಪೈರು ಬಾಗಿದ ಹಾಗೆ ತಲೆಗಳು ಸಾಲುಸಾಲಾಗಿ ಇವಳ ಕಡೆ ತಿರುಗಿದವು.

“ನನ್ನ ಪರೀಕ್ಷೆ ತಪ್ಪಿಸಿದ್ದು ಒಬ್ಬಳೇ,” ಎಂದರು ಗಣಿತದ ಮೇಷ್ಟ್ರು, ಒಗಟು ಬಿಡಿಸಿದವರ ಹಾಗೆ. “ಕಿಟಕಿ ಪಕ್ಕ ಕೂರ್ತಾಳಲ್ಲ, ಆ ಹುಡುಗಿ.”

“ಓಹೋ, ನಿನ್ನ ಮಗಳಾ?” ಲೆಕ್ಕಾಧಿಕಾರಿ ಬಗ್ಗಿ ಕೇಳಿದ. “ಕತ್ತೆ ವಯಸ್ಸಾಯ್ತಲ್ಲೇ, ಇನ್ನೂ ಹಾಸ್ಗೇಲೇನಾ?”

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದು ಕೆಮ್ಮಿದರು.

ಹಾಸಿಗೆಯ ಮಾತನ್ನು ಅವಳು ಆಡಿದ್ದು ಒಂದೇ ಬಾಗಿಲ ಹಿಂದೆ. ಪರೀಕ್ಷೆಯ ದಿನ ಮಗಳು ಗೋಡೆಯ ಕಡೆ ತಿರುಗಿ ಮಲಗಿದವಳು ಏಳಲಿಲ್ಲ. ಕಾರಣ ಕೊಡದಿದ್ದರೆ ವರ್ಷ ಹಾಳು ಎಂದು ಕಾಲೇಜಿನವರು ಹೇಳಿದ್ದರು. ಅಕ್ಕ ಮೇಡಂ ತಮ್ಮ ಕೋಣೆಯಲ್ಲಿ ಕುರ್ಚಿ ಎಳೆದು ಕೂರಿಸಿದ್ದರು. ಆ ಕಾಲೇಜಿನಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಆವತ್ತೇ. “ಸ್ವಂತ ಅಕ್ಕ ಅಂದ್ಕೊಂಡು ಹೇಳು. ಈ ಗೋಡೆ ದಾಟಲ್ಲ,” ಎಂದಿದ್ದರು. ನೀರು ಕೊಟ್ಟಿದ್ದರು. ಅವಳು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದ್ದಳು. ಹೀಗೆ ಹೇಳಿಕೊಂಡದ್ದನ್ನು ಮಗಳಿಗೆ ತಿಳಿಸಿರಲಿಲ್ಲ. ಇಲ್ಲೂ ಗೊತ್ತಾದ್ರೆ ನಾನು ಒಂದು ದಿನಾನೂ ನಿಲ್ಲಲ್ಲ ಕಣಮ್ಮ ಎಂದು ಮಗಳು ಈ ಕಾಲೇಜಿಗೆ ಸೇರುವ ಮೊದಲೇ ಹೇಳಿದ್ದಳು.

“ಅದನ್ನ ತೆಗೀರಿ, ಅಕ್ಕ ಮೇಡಂ.”

“ಏನನ್ನ?”

“ಅದು ನಂದು. ತೆಗೀರಿ.”

ಅಕ್ಕ ಮೇಡಂ ಮುಗುಳ್ನಕ್ಕರು. “ನಿನ್ನ ಹೆಸರೆಲ್ಲಿದೆ ಅದ್ರಲ್ಲಿ? ನಂದು ನಂದು ಅಂತ ನೀನೇ ಕೂಗಿದ್ರೆ, ಗುಟ್ಟು ಬಿಟ್ಟುಕೊಟ್ಟವಳು ನೀನೇ ಆಗ್ತೀಯ.”

“ಒಳ್ಳೇ ಪಾಯಿಂಟ್,” ಎಂದರು ಪ್ರಿನ್ಸಿಪಾಲರು. “ಎಲ್ಲರೂ ಬರ್ಕೊಳ್ಳಿ.”

ಪೆನ್ನುಗಳು ಆಡಿದವು. ಅವಳು ಎದ್ದಳು. ಬೆಳಿಗ್ಗೆ ಕಕ್ಕಸು ತೊಳೆದ ಬಕೆಟ್ಟು ಬಾಗಿಲಲ್ಲೇ ಇತ್ತು. ಒರೆಸುವ ಕೋಲನ್ನು ಅದರಲ್ಲಿ ಅದ್ದಿ, ಹಿಂಡದೆ, ನೀರು ಸುರಿಸಿಕೊಂಡೇ ಬಂದು ಪರದೆಗೆ ಬಡಿದಳು. ಮೇಲಿಂದ ಕೆಳಗೆ ಒರೆಸಿದಳು. ಅಕ್ಷರಗಳು ಬಟ್ಟೆಯ ಮೇಲೆ ಬಿದ್ದವು, ಅವಳ ಬೆನ್ನಿನ ಮೇಲೆ ಬಿದ್ದವು, ಅಳಿಯಲಿಲ್ಲ. ಪರದೆ ಮಾತ್ರ ಕಪ್ಪಾಯಿತು.

“ಏಯ್, ಹುಚ್ಚು ಮುಂಡೆ, ತಲೆ ಕೆಟ್ಟಿದ್ಯಾ?” ಪ್ರಿನ್ಸಿಪಾಲರು ಕೂಗಿದರು.

“ಗಲೀಜು ಕಂಡ್ರೆ ಒರ್ಸು ಅಂತ ತಾನೇ ಸಾರ್ ನನ್ನ ಇಟ್ಕೊಂಡಿರೋದು? ಒರೆಸ್ತಿದೀನಿ.” ಅವಳು ಅಕ್ಕ ಮೇಡಂ ಕಡೆ ತಿರುಗಿದಳು. “ಅಕ್ಕ ಅಂತೆ ಅಕ್ಕ! ನಿನ್ನ ಬಾಯಿಗೆ ಮಣ್ಣು ಹಾಕ. ನಿನ್ನ ಮಗಳ ಹಾಸ್ಗೆ ತಂದು ಹಾಕೇ ಇಲ್ಲಿ, ಎಲ್ಲರೂ ಮೂಸಿ ನೋಡ್ಲಿ!”

ಬಾಗಿಲ ಬಳಿಯಿದ್ದ ಇಬ್ಬರಲ್ಲಿ ಹಿರಿಯವನು ಯಾರೂ ಹೇಳದೆ ಬಂದು ಪ್ರೊಜೆಕ್ಟರ್ ಯಂತ್ರದ ತಂತಿ ಕಿತ್ತ. “ಬೋಳಿಮಕ್ಕಳು,” ಎಂದು ನೆಲಕ್ಕೆ ಹೇಳಿದ.

ಪ್ರಿನ್ಸಿಪಾಲರು ಅವಳನ್ನು ಮೂಲೆಯಲ್ಲಿ ನಿಲ್ಲಿಸಿ ಬೈದರು. ನಾಳೆಯಿಂದ ಬರಬೇಡ ಎಂದರು. ಪರದೆಯ ಬೆಲೆ ಹೇಳಿದರು. ಅವಳ ಕಣ್ಣು ಗಣಿತದ ಮೇಷ್ಟ್ರ ಖಾಲಿ ಕುರ್ಚಿಯ ಮೇಲಿತ್ತು. ಮಗಳಿಗೆ ಹನ್ನೆರಡರ ತರಗತಿ ಅವರದು. ಬೇರೆಯವರ ಬಾಯಿಂದ ಕೇಳುವ ಮೊದಲು ಮಗಳಿಗೆ ತಾನೇ ಹೇಳಬೇಕು. ಬೈಗುಳ ಮುಗಿಯುವ ಮುನ್ನವೇ ಅವಳು ಹೊರಗೆ ಓಡಿದಳು. ಒದ್ದೆ ಚಪ್ಪಲಿ ಜಾರಿತು. ಅದನ್ನು ಮೆಟ್ಟಿಲ ಮೇಲೇ ಬಿಟ್ಟಳು.

ತರಗತಿಯ ಬಾಗಿಲು ತೆರೆದಿತ್ತು. ಮೇಷ್ಟ್ರು ಕಿಟಕಿಯ ಪಕ್ಕದ ಬೆಂಚಿನ ಬಳಿ ನಿಂತಿದ್ದರು. ಅವರ ದನಿ ಮೃದುವಾಗಿತ್ತು, ದೊಡ್ಡದಾಗಿಯೂ ಇತ್ತು.

“ಅಪ್ಪ ಜೈಲಲ್ಲಿದ್ರೆ ನಿನ್ನ ತಪ್ಪೇನಮ್ಮಾ? ಹೇಳ್ಕೊಳ್ಳೋಕೆ ನಾಚಿಕೆ ಯಾಕೆ? ನಾವೆಲ್ಲ ಇದೀವಲ್ಲ.”

ಇಡೀ ತರಗತಿ ಕೇಳಿಸಿಕೊಂಡಿತು. ಮಗಳು ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಬಾಗಿಲಿಗೆ ಬಂದು ತಾಯಿಯ ಮುಂದೆ ನಿಂತಳು.

“ಯಾರಿಗೆ ಹೇಳ್ದೆ?”

“ಅಕ್ಕ ಅಂದ್ಲು ಕಣೇ… ನಿನ್ನ ವರ್ಷ ಹಾಳಾಗಬಾರ್ದು ಅಂತ…”

“ಹೇಳ್ದೆ, ಅಲ್ವಾ?”

ಮಗಳು ಮೆಟ್ಟಿಲಿಳಿದು ಗೇಟು ದಾಟಿದಳು. ಮತ್ತೆ ಆ ಕಾಲೇಜಿಗೆ ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬೇರೆ ಪರದೆ ತರಿಸಿ ತರಬೇತಿ ಮುಂದುವರಿಸಿದರು.