ಬು ಗಿಯಾರ್ತಿಯ ಮಡ್‌ಗಾರ್ಡು

ಪೊನಿದಿ ತನ್ನ ಜೀವಮಾನದಲ್ಲಿ ಎಷ್ಟು ಮೋಟರ್ ಸೈಕಲ್‌ಗಳ ಬಾಲ ಕತ್ತರಿಸಿದ್ದನೋ ಅವನಿಗೇ ನೆನಪಿಲ್ಲ. ಹರೆಯದವರಿಗೆ ಅದೊಂದು ಹುಚ್ಚು. ಕಂಪನಿಯವರು ಕೂರಿಸಿದ ರಿಫ್ಲೆಕ್ಟರುಗಳನ್ನು ಕಂಡರಾಗದು, ಚಕ್ರದ ಹಿಂದೆ ಇಳಿಬಿದ್ದ ಉದ್ದನೆಯ ಮಡ್‌ಗಾರ್ಡನ್ನು ಕಂಡರಂತೂ ಮೈಯೆಲ್ಲ ಉರಿ. ಗಾಡಿಯ ಹಿಂಬದಿ ಚೊಕ್ಕವಾಗಿ, ಮೇಲಕ್ಕೆ ಎದ್ದಂತೆ ಇರಬೇಕು. ಸೋಲೊ ಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕ ಅವನ ತಗಡಿನ ಅಂಗಡಿಯ ಹಿತ್ತಲಲ್ಲಿ ಕತ್ತರಿಸಿದ ಪ್ಲಾಸ್ಟಿಕ್ ತುಂಡುಗಳ ರಾಶಿಯೇ ಬಿದ್ದಿತ್ತು. ಈಗ ಅವನಿಗೆ ಐವತ್ತಾರು. ಕುಕ್ಕರಗಾಲಲ್ಲಿ ಕೂತು ಎದ್ದರೆ ಸೊಂಟ ನೆಟ್ಟಗಾಗಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕು. ದಣಿವು ಮೈಗೆ ಮಾತ್ರವಲ್ಲ, ಜನರ ‘ಆಗ್ಲಿ’ ಕೇಳಿ ಕೇಳಿ ಮನಸ್ಸಿಗೂ ದಣಿವಾಗಿತ್ತು.

ಆ ಸೀಮೆಯ ಜನ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನುವವರಲ್ಲ. ಮನೆ ಸುಡಲು ಬಂದವನಿಗೂ ‘ಆಗ್ಲಿ, ಮೊದಲು ಕೂತ್ಕೊಂಡು ಚಾ ಕುಡೀರಿ’ ಅಂದಾರು. ‘ನಾಳೆ ಬಂದು ತಗೊಂಡು ಹೋಗಿ’ ಅಂದರೂ ಆಗ್ಲಿ, ‘ಮುಂದಿನ ವಾರ’ ಅಂದರೂ ಆಗ್ಲಿ. ಬೇಡದವನು ಆಗ್ಲಿ ಅಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಗೊಣಗುತ್ತಾನೆ. ಮೂವತ್ತು ವರ್ಷ ಇದನ್ನೇ ಕೇಳಿದ ಪೊನಿದಿ ಒಂದು ವಿದ್ಯೆ ಕಲಿತಿದ್ದ. ಯಾವುದು ಮನಸ್ಸಿನ ಆಗ್ಲಿ, ಯಾವುದು ಸಂಕೋಚದ ಆಗ್ಲಿ ಎಂದು ಮುಖ ನೋಡಿಯೇ ಹೇಳುತ್ತಿದ್ದ. ಇದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅವನಿಗಿತ್ತು. ಬಡವನಿಗೆ ಅಷ್ಟಾದರೂ ಬೇಡವೇ?

ಸೋಮವಾರ ಬೆಳಿಗ್ಗೆ ತಾಂತೊ ಎಂಬ ಯುವಕ ಒಂದು ಹಳೆಯ ಗಾಡಿಯನ್ನು ತಳ್ಳಿಕೊಂಡು ಬಂದ. ಹಿಂದೆಯೇ ಅವನ ಅತ್ತೆ, ಹೆಂಡತಿಯ ತಾಯಿ, ಬು ಗಿಯಾರ್ತಿ. ಊರವರು ಅವಳನ್ನು ಗೌರವಕ್ಕೆ ‘ಬು’, ಅಂದರೆ ಅಮ್ಮ, ಎನ್ನುತ್ತಿದ್ದರು. ಅವಳು ಜಾಮು ಮಾರುವವಳು. ಅರಿಶಿನ, ಹುಣಸೆ, ಶುಂಠಿ, ಕಚ್ಚೂರ ಅರೆದು ಮಾಡಿದ ಕಷಾಯಗಳನ್ನು ಬಾಟಲಿಗೆ ತುಂಬಿ, ಗಾಡಿಯ ಹಿಂದಿನ ಬುಟ್ಟಿಯಲ್ಲಿಟ್ಟುಕೊಂಡು ಮೂರು ಊರು ಸುತ್ತುತ್ತಿದ್ದಳು. ಗಾಡಿ ಅವಳ ಗಂಡ ದಾರ್ಸೊನದು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ತಾಂತೊ ಫೋನಿನಲ್ಲಿ ಒಂದು ಫೋಟೋ ತೋರಿಸಿ, ಹಿರಿಯರನ್ನು ಕರೆಯುವ ‘ಪಾಕ್’ ಸೇರಿಸಿ ಮರ್ಯಾದೆಯಿಂದಲೇ ಹೇಳಿದ. “ಅತ್ತೆ ಗಾಡೀನ ಹಿಂಗೆ ಮಾಡ್ಬೇಕು ಪಾಕ್. ರಿಫ್ಲೆಕ್ಟರ್ ಒಂದೂ ಇರ್ಬಾರ್ದು. ಮಡ್‌ಗಾರ್ಡ್ ಇಲ್ಲಿಗೆ ಕಟ್ ಮಾಡಿ, ನಂಬರ್ ಪ್ಲೇಟ್ ದೀಪದ ಕೆಳಗೆ ತನ್ನಿ.”

“ನಿಮ್ಮತ್ತೆ ಏನು ರೇಸಿಗೆ ಹೋಗ್ತಾರೇನೋ?” ಎಂದ ಪೊನಿದಿ. ಆಮೇಲೆ ಅವಳ ಕಡೆ ತಿರುಗಿ, “ಏನು ಬು, ಕತ್ತರಿಸ್ಲಾ?” ಎಂದು ಕೇಳಿದ.

ಗಿಯಾರ್ತಿ ನೆಲ ನೋಡಿದಳು. ತಲೆವಸ್ತ್ರದ ಅಂಚು ಹಿಡಿದು ಎಳೆದಳು. “ಆಗ್ಲಿ ಮಾಸ್. ಹೆಂಗಾದ್ರೂ ಸರಿ” ಎಂದಳು, ಅಣ್ಣನನ್ನು ಕರೆಯುವ ಹಾಗೆ. ಅವಳ ಇನ್ನೊಂದು ಕೈ ಮಡ್‌ಗಾರ್ಡಿನ ತುದಿಯ ಮೇಲಿತ್ತು. ಕೆಸರು ಹಾರದಿರಲೆಂದು ದಾರ್ಸೊ ತಾನೇ ರಿವೆಟ್ ಹೊಡೆದು ಕೂರಿಸಿದ ಕಪ್ಪು ರಬ್ಬರ್ ಅಲ್ಲಿ ನೇತಾಡುತ್ತಿತ್ತು.

ಪೊನಿದಿಗೆ ಅಷ್ಟೇ ಸಾಕಾಯಿತು. ಇದು ಸಂಕೋಚದ ಆಗ್ಲಿ, ಸಂಶಯವೇ ಇಲ್ಲ. ಸತ್ತ ಗಂಡನ ಕೈಕೆಲಸವನ್ನು ಯಾವ ಹೆಂಗಸು ಗರಗಸಕ್ಕೆ ಕೊಡುತ್ತಾಳೆ? ಅಳಿಯನ ಶೋಕಿಗೆ ಬಾಯಿ ಬಿಡಲಾರದೆ ನಿಂತಿದ್ದಾಳೆ ಪಾಪ. ಕತ್ತರಿಸಿದ ಮೇಲೆ ಮತ್ತೆ ಅಂಟಿಸಲು ಬರುವ ವಸ್ತುವಲ್ಲ ಅದು. ಈ ಮಡ್‌ಗಾರ್ಡನ್ನು ತಾನೇ ಉಳಿಸಬೇಕು ಎಂದು ನಿಶ್ಚಯಿಸಿದ. ಆದರೆ ತಾಂತೊನ ಮುಖಕ್ಕೆ ‘ಆಗಲ್ಲ’ ಅನ್ನುವುದು ಹೇಗೆ? ಪೊನಿದಿಯೂ ಆ ಸೀಮೆಯವನೇ ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಆಗ್ಲಿ, ನಾಳೆ ಮಧ್ಯಾಹ್ನಕ್ಕೆ ಕೊಡ್ತೀನಿ” ಎಂದ.

ಮಂಗಳವಾರ ಗ್ರೈಂಡರು ಕೆಟ್ಟಿದೆ ಎಂದ. ಬುಧವಾರ ನಂಬರ್ ಪ್ಲೇಟಿನ ಪಟ್ಟಿ ಸೋಲೊದಿಂದ ಬಂದಿಲ್ಲ ಎಂದ. ಗುರುವಾರ ಮಂಡಿ ನೋವು ಎಂದ, ಅದು ಮಾತ್ರ ನಿಜ. ಹೀಗೆ ದಿನ ತಳ್ಳಿದರೆ ಅಳಿಯನಿಗೇ ಬೇಸರ ಬಂದು ‘ಹಂಗೇ ಕೊಟ್ಬಿಡಿ’ ಅಂದಾನು ಎಂಬುದು ಅವನ ಲೆಕ್ಕಾಚಾರ. ಅಷ್ಟು ದಿನ ಅತ್ತೆಗೆ ಅಳಿಯನ ಗಾಡಿ ಇದ್ದೇ ಇದೆಯಲ್ಲ ಅಂದುಕೊಂಡಿದ್ದ. ಗಿಯಾರ್ತಿ ದಿನಾ ಮಧ್ಯಾಹ್ನ ವ್ಯಾಪಾರ ಮುಗಿಸಿ, ಬರಿಗೈಯಲ್ಲಿ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಗಾಡಿಯ ಮಾತನ್ನೇ ಎತ್ತುತ್ತಿರಲಿಲ್ಲ. “ಮಂಡಿ ಹೆಂಗಿದೆ ಮಾಸ್? ಶುಂಠಿ ಕಷಾಯ ತಂದ್ಕೊಡ್ಲಾ?” ಎನ್ನುತ್ತಿದ್ದಳು. “ಇನ್ನೊಂದು ದಿನ ಬು” ಎಂದರೆ “ಆಗ್ಲಿ” ಎಂದು ಹೊರಡುತ್ತಿದ್ದಳು. ಅವಳ ಮುಖದಲ್ಲಿ ನೆಮ್ಮದಿ ಕಂಡಂತಾಗಿ, ಅಷ್ಟು ದಣಿವಿನಲ್ಲೂ ಪೊನಿದಿಗೆ ಖುಷಿಯಾಗುತ್ತಿತ್ತು.

ಶುಕ್ರವಾರ ಊಟ ತಂದ ಹೆಂಡತಿ ಸುತಿನಿ ಅನ್ನ, ಟೆಂಪೆ ಎಂಬ ಸೋಯಾ ಬಿಲ್ಲೆಗಳ ಪೊಟ್ಟಣವನ್ನು ಅವನ ಮುಂದೆ ಕುಕ್ಕಿದಳು. “ಬು ಗಿಯಾರ್ತಿ ಗಾಡಿ ಯಾಕೆ ಕಟ್ಟಿ ಹಾಕ್ಕೊಂಡಿದೀರ?”

“ಯಾಕೆ?”

“ಯಾಕಾ? ನಾಲ್ಕು ದಿನದಿಂದ ಬಾಟಲಿ ಬುಟ್ಟಿ ಬೆನ್ನಿಗೆ ಕಟ್ಕೊಂಡು ಮೂರೂರೂ ನಡೀತಿದ್ದಾರೆ. ಹಳೇ ಕಾಲದ ಮುದುಕೀರ ಹಂಗೆ. ಹಿಮ್ಮಡಿ ಒಡೆದು ರಕ್ತ ಬಂದಿದೆ. ನೀವು ಇಲ್ಲಿ ಟೆಂಪೆ ತಿನ್ಕೊಂಡು ಕೂತಿದೀರ.”

“ತಾಂತೊ ಗಾಡಿ ಇತ್ತಲ್ಲ?”

“ಅವನು ಅದ್ರಲ್ಲಿ ಮಿಲ್ಲಿಗೆ ಹೋಗ್ತಾನೆ. ಆಕಾಶದಲ್ಲಿ ಹಾರ್ಕೊಂಡು ಹೋಗ್ತಾನೇನು?”

ಪೊನಿದಿ ಪೊಟ್ಟಣವನ್ನು ಮಡಚಿ ಪಕ್ಕಕ್ಕಿಟ್ಟ. ಉಪಕಾರ ಮಾಡಲು ಹೋಗಿ ಮಾಡಿದ್ದು ಇದು. ಕೈ ತೊಳೆದವನೇ ಗಿಯಾರ್ತಿಯ ಗಾಡಿಯನ್ನೇ ಹತ್ತಿ ಅವಳ ಮನೆಗೆ ಹೋದ.

ಗಿಯಾರ್ತಿ ಅಂಗಳದಲ್ಲಿ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು, ಪಕ್ಕದ ಒರಳುಕಲ್ಲಿನಲ್ಲಿ ಅರಿಶಿನದ ಕೊಂಬು ಅರೆಯುತ್ತಿದ್ದಳು. ಅವನನ್ನು ಕಂಡು ಕಾಲು ಮುಚ್ಚಿಕೊಳ್ಳಲು ನೋಡಿದಳು.

“ಏಳ್ಬೇಡಿ ಬು. ತಪ್ಪಾಯ್ತು” ಎಂದ ಪೊನಿದಿ. “ಗಾಡಿ ತಂದಿದೀನಿ. ಒಂದು ಬೋಲ್ಟೂ ಬಿಚ್ಚಿಲ್ಲ. ನಿಮಗೆ ಮನಸ್ಸಿಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು. ಬೇಕಂತ್ಲೇ ತಡ ಮಾಡ್ದೆ. ತಾಂತೊಗೆ ನಾನು ಹೇಳ್ತೀನಿ, ನೀವು ಚಿಂತೆ ಮಾಡ್ಬೇಡಿ.”

ಅವಳ ಕೈ ನಿಂತಿತು. “ಗೊತ್ತಾಯ್ತಾ?” ಎಂದಳು.

“ಮುಖ ನೋಡಿದ್ರೆ ತಿಳಿಯಲ್ವಾ?”

ಗಿಯಾರ್ತಿ ಗಾಡಿಯನ್ನು ನೋಡಿದಳು. ಕಣ್ಣು ತುಂಬಿ ಬಂತು. “ಆ ಫೋಟೋ ಹುಡುಕಿದ್ದು ನಾನು ಮಾಸ್” ಎಂದಳು. “ಅಳಿಯ ಅಲ್ಲ. ಐವತ್ಮೂರು ವರ್ಷದ ಜಾಮು ಮಾರೋಳಿಗೆ ಇದೆಂಥ ಆಸೆ ಅಂತ ಊರೆಲ್ಲ ನಗಲ್ವಾ? ಅದಕ್ಕೆ ಅವನ ಬಾಯಲ್ಲಿ ಹೇಳಿಸ್ದೆ. ನೀವು ಕೇಳಿದಾಗ ನಾಚ್ಕೆ ಆಯ್ತು.”

ಪೊನಿದಿ ತಿರುಗಿ ಆ ಕಪ್ಪು ರಬ್ಬರನ್ನು ನೋಡಿದ.

“ಅವ್ರಿದ್ದಾಗ ಗಾಡಿ ಅವ್ರು ಹೇಳ್ದಂಗೆ. ಕನ್ನಡಿ ಕೂಡ ತಿರುಗಿಸೋ ಹಂಗಿರ್ಲಿಲ್ಲ. ಆ ರಬ್ಬರ್ ಹೊಡೆದಾಗ ಅಂದೆ, ಚೆನ್ನಾಗಿ ಕಾಣಲ್ಲ ಅಂತ. ನಿಂಗೇನು ಗೊತ್ತು ಅಂದ್ರು. ಆಗ್ಲಿ ಅಂದೆ.” ಅವಳು ಮೂಗೊರೆಸಿಕೊಂಡಳು. “ನಾಲ್ಕು ದಿನ ನಡೆದದ್ದು ನಂಗೆ ಕಷ್ಟ ಅನ್ನಿಸ್ಲಿಲ್ಲ. ನಾಳೆ ಆಗಿರುತ್ತೆ, ನಾಳೆ ಅದರ ಮೇಲೆ ಹೋಗ್ತೀನಿ ಅಂತ ನಡೆದೆ.”

ಪೊನಿದಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ಇಷ್ಟು ವರ್ಷ ಎಷ್ಟು ಜನರ ಮುಖ ನೋಡಿ ಏನೇನು ತೀರ್ಮಾನಿಸಿದ್ದನೋ ಎಂದು ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಈಗ್ಲೇ ಮಾಡ್ಕೊಡ್ತೀನಿ ಬು.”

“ಬೇಡ ಬಿಡಿ ಮಾಸ್” ಎಂದಳು ಗಿಯಾರ್ತಿ, ಮತ್ತೆ ಅರಿಶಿನ ಅರೆಯುತ್ತಾ. “ಆಯ್ತಲ್ಲ, ಇರ್ಲಿ.”

ಅವನು ಅವಳ ಮುಖ ನೋಡಿದ. ಕಣ್ಣು ನೋಡಿದ, ಕೈ ನೋಡಿದ. ಈ ಬೇಡ ನಿಜದ್ದೋ ಉಪಚಾರದ್ದೋ ಅವನಿಗೆ ಒಂದಿಷ್ಟೂ ತಿಳಿಯಲಿಲ್ಲ. ಸಾಕಾಗಿ ಹೋಗಿತ್ತು ಅವನಿಗೆ.

“ಬು, ನನಗೆ ಗೊತ್ತಾಗ್ತಿಲ್ಲ” ಎಂದ. “ನಿಮ್ಮ ಮುಖ ಓದೋಕೆ ನನ್ನ ಕೈಲಿ ಆಗಲ್ಲ. ಬೇಕಾದ್ರೆ ಬೇಕು ಅನ್ನಿ, ಬೇಡಾದ್ರೆ ಹಂಗೇ ಹೊರಟು ಹೋಗ್ತೀನಿ. ನಾನು ನಗಲ್ಲ.”

ಒರಳಿನ ಸದ್ದು ನಿಂತಿತು. ಗಿಯಾರ್ತಿ ಬೋಗುಣಿಯಿಂದ ಒಂದೊಂದೇ ಕಾಲು ಎತ್ತಿ, ಒದ್ದೆ ಪಾದದಲ್ಲಿ ಕುಂಟುತ್ತಾ ಗಾಡಿಯ ಹಿಂದೆ ಹೋಗಿ ನಿಂತಳು. ಅರಿಶಿನ ಮೆತ್ತಿದ ತೋರುಬೆರಳಿನಿಂದ ಕಪ್ಪು ಮಡ್‌ಗಾರ್ಡಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆದಳು. ಅಳಿಯ ತೋರಿಸಿದ್ದಕ್ಕಿಂತ ನಾಲ್ಕು ಬೆರಳು ಮೇಲಿತ್ತು ಅದು.

“ಇಲ್ಲಿಗೆ” ಎಂದಳು. “ತಾಂತೊ ಹೇಳಿದ್ದು ಉದ್ದ ಆಯ್ತು.”